ಲಾಂಛನದ ಕುದುರೆ, ಲಾಯದ ಕುದುರೆ

ತೀರ್ಥಂಕರರ ಬಿಂಬಗಳನ್ನು ಪರಸ್ಪರ ಗುರುತಿಸಲು ಪೀಠದ ಮೇಲಿನ ಲಾಂಛನವೇ ಆಧಾರ. ಮೂರನೆಯ ತೀರ್ಥಂಕರರಾದ ಸಂಭವನಾಥರ ಲಾಂಛನ ಕುದುರೆ. ಹೆಬ್ಬೆರಳಿನಷ್ಟು ಎತ್ತರದ ಆ ಕಲ್ಲಿನ ಕುದುರೆಯ ಮುಂದೆ ಅರ್ಘ್ಯವನ್ನರ್ಪಿಸಿ ಹೊರಬರುವ ಶ್ರಾವಕನು ಬಸದಿಯ ಬಾಗಿಲಲ್ಲಿ ಮೆರವಣಿಗೆಗಾಗಿ ಬಾಡಿಗೆಗೆ ತಂದು ನಿಲ್ಲಿಸಿದ ಜೀವಂತ ಕುದುರೆಯನ್ನೂ ಕಾಣುತ್ತಾನೆ. ಅದಕ್ಕೆ ಜರಿಯ ಹೊದಿಕೆ, ಹಣೆಗೆ ಗೊಂಡೆ, ಕಾಲಿಗೆ ಗೆಜ್ಜೆ. ಒಂದು ಹಿಡಿ ಬೆಲ್ಲ ಕಡಲೆಯನ್ನು ಅದರ ಬಾಯಿಗೆ ಕೊಟ್ಟು, ಹಣೆಯನ್ನು ಮುಟ್ಟಿ ನಮಸ್ಕರಿಸಿ, ಪುಣ್ಯ ಬಂತೆಂಬ ಸಮಾಧಾನದಿಂದ ಮುಂದೆ ಹೋಗುತ್ತಾನೆ. ಆ ಕುದುರೆ ಬೆಳಗಿನಿಂದ ನೀರು ಕುಡಿದಿದೆಯೇ, ಅದರ ಗೊರಸು ಸವೆದಿದೆಯೇ, ಹೊದಿಕೆಯ ಕೆಳಗೆ ಬೆನ್ನು ಹುಣ್ಣಾಗಿದೆಯೇ ಎಂಬುದನ್ನು ಆತನು ಕೇಳುವುದಿಲ್ಲ. ಕೇಳಬೇಕಾದದ್ದು ತನ್ನ ಕರ್ತವ್ಯವೆಂದು ಅವನಿಗೆ ಯಾರೂ ಹೇಳಿಲ್ಲ.

ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಸಾಕಿದ ಅಥವಾ ದುಡಿಸಿಕೊಂಡ ಪಶುವಿನ ಆರೋಗ್ಯವನ್ನು ನೋಡಿಕೊಳ್ಳುವುದು ದಯೆಯೋ, ವ್ರತವೋ? ದಯೆಯಾದರೆ ಅದು ಮಾಡಿದವನಿಗೆ ಪುಣ್ಯ, ಮಾಡದವನಿಗೆ ದೋಷವಿಲ್ಲ. ಬೆಲ್ಲ ಕೊಟ್ಟವನು ಒಳ್ಳೆಯವನು, ಕೊಡದವನು ಸಾಮಾನ್ಯನು, ಅಷ್ಟೇ. ವ್ರತದ ಭಾಗವಾದರೆ ಲೆಕ್ಕ ಬೇರೆಯಾಗುತ್ತದೆ. ಆಗ ಗೊರಸನ್ನು ನೋಡದಿರುವುದು ಪುಣ್ಯದ ನಷ್ಟವಾಗಿ ಮುಗಿಯದೆ, ಅಹಿಂಸಾಣುವ್ರತದ ಅತಿಚಾರವೇ ಆಗುತ್ತದೆ.

ಗಾವಡಗೆರೆಯಂಥ ಸ್ಥಳವನ್ನು ಕಣ್ಣ ಮುಂದಿಟ್ಟುಕೊಂಡರೆ ಈ ಪ್ರಶ್ನೆಗೆ ಮೈ ಬರುತ್ತದೆ. ಹುಣಸೂರು ತಾಲ್ಲೂಕಿನ ಈ ಹೋಬಳಿ ದನಕರುಗಳ ನಾಡು. ಮೈಸೂರು ಅರಸರ ಅಮೃತಮಹಲ್ ರಾಸುಗಳ ವ್ಯವಸ್ಥೆಗೆ ಹುಣಸೂರು ಮುಖ್ಯ ಕೇಂದ್ರವಾಗಿತ್ತು. ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯ ದನಗಳ ಜಾತ್ರೆ ಪ್ರಸಿದ್ಧವಾದುದು. ಇಲ್ಲಿಯ ರೈತ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಬಲ್ಲ, ನಡಿಗೆ ನೋಡಿ ನೋವು ಹೇಳಬಲ್ಲ. ಆದರೆ ಕುದುರೆಯ ಜ್ಞಾನ ಹಳ್ಳಿಯಲ್ಲಿ ಎಂದೂ ಅಷ್ಟು ಹರಡಿರಲಿಲ್ಲ; ಇದ್ದದ್ದೂ ಮೈಸೂರಿನ ಜಟಕಾ ಬಂಡಿಗಳೊಡನೆ ಕ್ಷೀಣಿಸಿತು. ಡಿ.ವಿ. ಗುಂಡಪ್ಪನವರು 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ಮನುಷ್ಯನನ್ನು ಜಟಕಾ ಕುದುರೆಗೆ ಹೋಲಿಸಿದಾಗ ಓದುಗರಿಗೆ ವಿವರಣೆ ಬೇಕಾಗಿರಲಿಲ್ಲ, ಕುದುರೆ ಬೀದಿಯಲ್ಲೇ ಇತ್ತು. ಇಂದು ಅದು ಪ್ರವಾಸಿಗರ ಸಾರೋಟಿನಲ್ಲಿ, ಮದುವೆಯ ದಿಬ್ಬಣದಲ್ಲಿ, ಧಾರ್ಮಿಕ ಮೆರವಣಿಗೆಯಲ್ಲಿ ಉಳಿದಿದೆ. ಅಂಥದೊಂದು ಕುದುರೆ ಮುದಿಯಾಗಿ ದುಡಿಮೆಗೆ ಬಾರದೆ ಹೋದಾಗ, ಗಾವಡಗೆರೆಯ ಕಡೆಯ ಒಂದು ಕುಟುಂಬ ಕನಿಕರದಿಂದ ಅದನ್ನು ತಂದು ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿತೆಂದು ಭಾವಿಸಬಹುದು. ಕನಿಕರ ನಿಜವಾದದ್ದೇ. ಮುಂದೇನು?

ಮುಂದೆ ಆ ಕುಟುಂಬ ತನಗೆ ತಿಳಿದ ದನದ ಶಾಸ್ತ್ರವನ್ನೇ ಕುದುರೆಗೂ ಅನ್ವಯಿಸುತ್ತದೆ. ಅಪಾಯವಿರುವುದು ಅಲ್ಲಿಯೇ. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಒಮ್ಮೆ ಒಳಗೆ ಹೋದದ್ದನ್ನು ವಾಂತಿ ಮಾಡಿ ಹೊರಹಾಕುವ ಶಕ್ತಿಯೂ ಅದಕ್ಕಿಲ್ಲ. ದಿನದ ಬಹುಪಾಲು ಹೊತ್ತು ಸ್ವಲ್ಪ ಸ್ವಲ್ಪವಾಗಿ ಹುಲ್ಲು ಮೇಯುವುದಕ್ಕೆ ಹೊಂದಿಕೊಂಡ ದೇಹ ಅದು. ಬೆಳಿಗ್ಗೆ ಒಂದು ಬುಟ್ಟಿ, ಸಂಜೆ ಒಂದು ಬುಟ್ಟಿ ಎಂದು ಧಾನ್ಯವನ್ನು ಒಟ್ಟಿಗೆ ಸುರಿದರೆ ಹೊಟ್ಟೆಶೂಲೆ ಬರುತ್ತದೆ. ಧಾನ್ಯ ಅತಿಯಾದರೆ ಗೊರಸಿನ ಒಳಪದರ ಉರಿಗೊಂಡು ಕುದುರೆ ಹೆಜ್ಜೆ ಇಡಲಾರದೆ ನಿಲ್ಲುತ್ತದೆ. ದನ ತಿಂದು ಅರಗಿಸಿಕೊಳ್ಳುವ ಎಷ್ಟೋ ಪದಾರ್ಥಗಳು ಇದಕ್ಕೆ ವಿಷ. ಈ ಸೀಮೆಯಲ್ಲಿ ಹೇರಳವಾಗಿ ಬೆಳೆಯುವ ಮುಸುಕಿನ ಜೋಳ ಮಳೆಗೆ ನೆನೆದು ಬೂಷ್ಟು ಹಿಡಿದರೆ, ಆ ಬೂಷ್ಟಿನ ವಿಷ ಕುದುರೆಯ ಮೆದುಳನ್ನೇ ಕೊಳೆಸುತ್ತದೆ. ಕೋಳಿಯ ಮತ್ತು ದನದ ಕೆಲವು ಸಿದ್ಧ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯವನ್ನು ನಿಲ್ಲಿಸಬಲ್ಲದು. ಹೊಗೆಸೊಪ್ಪಿನ ಎಲೆ ಒಣಗಿಸುವ ಬ್ಯಾರನ್ನಿನ ಪಕ್ಕ ಕಟ್ಟಿಹಾಕುವುದೂ ಕ್ಷೇಮವಲ್ಲ. ಹುರುಳಿಗೆ ಇಂಗ್ಲಿಷಿನವರು ಕುದುರೆಯ ಹೆಸರನ್ನೇ ಇಟ್ಟರು. ಆದರೂ ಹುರುಳಿ ಬೇಯಿಸಿಯೋ ನೆನೆಯಿಸಿಯೋ ಮಿತವಾಗಿ ಕೊಡಬೇಕಾದದ್ದು, ಹುಲ್ಲಿಗೆ ಬದಲಿಯಲ್ಲ.

ಹೀಗೆ ಪ್ರೀತಿಯಿಂದಲೇ ಒಂದು ಪ್ರಾಣಿಯನ್ನು ಕೊಲ್ಲುವುದು ಸಾಧ್ಯ. ‘ತಿಳಿಯದೆ ಮಾಡಿದೆವು’ ಎಂಬ ಮಾತು ಇಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನು ಮಾತ್ರ ಹೆಸರಿಸಿ ಸುಮ್ಮನಾಗಲಿಲ್ಲ. ಅದಕ್ಕೆ ಪ್ರಮತ್ತಯೋಗವನ್ನು ಕಾರಣವಾಗಿ ಸೇರಿಸಿದರು. ಪ್ರಮಾದವೆಂದರೆ ಎಚ್ಚರವಿಲ್ಲದಿರುವಿಕೆ. ಎಚ್ಚರದಿಂದ ನಡೆಯುವ ಮುನಿಯ ಕಾಲ ಕೆಳಗೆ ಆಕಸ್ಮಿಕವಾಗಿ ಸಿಕ್ಕಿದ ಕ್ರಿಮಿಯ ವಿಷಯದಲ್ಲಿ ಮುನಿಗೆ ಬಂಧವಿಲ್ಲ. ಎಚ್ಚರವಿಲ್ಲದೆ ನಡೆದವನಿಗೆ, ಕ್ರಿಮಿ ಸಾಯದಿದ್ದರೂ ದೋಷವುಂಟು. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯ ಇದೇ ವಿಚಾರವನ್ನು ವಿಸ್ತರಿಸುತ್ತದೆ. ಈ ದೃಷ್ಟಿಯಿಂದ ತಿಳಿವಳಿಕೆಯನ್ನು ಪಡೆಯದಿರುವುದೇ ಪ್ರಮಾದ. ಕುದುರೆಯನ್ನು ಮನೆಗೆ ತಂದ ದಿನವೇ ಅದರ ಆಹಾರವೇನು ಎಂದು ಪಶುವೈದ್ಯರನ್ನು ಕೇಳದವನು, ನೆಲ ನೋಡದೆ ನಡೆದವನಿಗೆ ಸಮಾನ.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮಕ್ಕಳ ಪಾಠಶಾಲೆಯಲ್ಲಿ ಇವನ್ನು ಕಂಠಪಾಠ ಮಾಡಿಸಲಾಗುತ್ತದೆ, ದೊಡ್ಡವರಾದ ಮೇಲೆ ಮರೆಯಲಾಗುತ್ತದೆ. ಗಮನಿಸಬೇಕಾದದ್ದೇನೆಂದರೆ, ಕೊಟ್ಟಿಗೆ ಮತ್ತು ಲಾಯಗಳಲ್ಲಿ ನಿಂತು ನೋಡಿದವರಿಗಲ್ಲದೆ ಈ ಐದು ಹೊಳೆಯಲಾರವು. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಚಾವಟಿ ಕೋಲುಗಳಿಂದ ಹೊಡೆಯುವುದು. ಕೊಲ್ಲುವ ಮಾತು ವ್ರತಭಂಗದಲ್ಲೇ ಮುಗಿಯಿತು. ಅತಿಚಾರಗಳು ಬದುಕಿರುವ ಪಶುವನ್ನು ಕುರಿತವು. ಅಂದರೆ ಗೃಹಸ್ಥನು ಪಶುವನ್ನು ಸಾಕುತ್ತಾನೆ, ದುಡಿಸುತ್ತಾನೆ ಎಂಬುದನ್ನು ಒಪ್ಪಿಕೊಂಡೇ ಶಾಸ್ತ್ರ ಮಾತನಾಡುತ್ತಿದೆ. ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ದೊರೆಯುತ್ತದೆ: ಪಶುವಿನ ಪಾಲನೆ ವ್ರತದೊಳಗಿನ ವಿಷಯ, ದಾನಕ್ಕೆ ಬಿಟ್ಟ ವಿಷಯವಲ್ಲ.

ಅನ್ನಪಾನನಿರೋಧವನ್ನು ಸಾಮಾನ್ಯವಾಗಿ ಉಪವಾಸ ಕೆಡವುವುದು ಎಂದಷ್ಟೇ ಅರ್ಥೈಸುತ್ತಾರೆ. ಕುದುರೆಗೆ ದಿನಕ್ಕೆ ಸುಮಾರು 25ರಿಂದ 45 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ, ದುಡಿಮೆಯಲ್ಲಿ ಇನ್ನೂ ಹೆಚ್ಚು. ಒಂದು ಬಕೆಟ್ ಇಟ್ಟು ‘ನೀರಿಟ್ಟಿದ್ದೇವೆ’ ಎನ್ನುವುದು ನಿರೋಧದ ಇನ್ನೊಂದು ರೂಪ. ಹಲ್ಲಿನ ವಿಷಯವೂ ಇದರೊಳಗೇ ಬರುತ್ತದೆ. ಕುದುರೆಯ ಹಲ್ಲು ಜೀವಮಾನದ ಬಹುಭಾಗ ಮೇಲಕ್ಕೆ ಬರುತ್ತಲೇ ಇರುತ್ತದೆ. ಸಮವಾಗಿ ಸವೆಯದಿದ್ದರೆ ಅಂಚುಗಳು ಹರಿತವಾಗಿ ಕೆನ್ನೆಯ ಒಳಭಾಗವನ್ನೂ ನಾಲಿಗೆಯನ್ನೂ ಕೊರೆಯುತ್ತವೆ. ಮುಂದೆ ಹುಲ್ಲಿನ ರಾಶಿಯೇ ಇದ್ದರೂ ಅದು ಅಗಿಯಲಾರದೆ ಉಂಡೆ ಮಾಡಿ ಉಗುಳುತ್ತದೆ, ದಿನೇ ದಿನೇ ಒಣಗುತ್ತದೆ. ಮನೆಯವರು ‘ವಯಸ್ಸಾಯಿತು’ ಎನ್ನುತ್ತಾರೆ. ವರ್ಷಕ್ಕೊಮ್ಮೆ ಬಾಯಿ ತೆರೆದು ನೋಡಿ ಅರದಿಂದ ಉಜ್ಜಿಸಿದ್ದರೆ ಮುಗಿಯುತ್ತಿದ್ದ ಕಷ್ಟ ಅದು. ಅನ್ನವಿದ್ದೂ ಉಣ್ಣಲಾಗದ ಸ್ಥಿತಿಯನ್ನು ನೋಡಿಯೂ ನೋಡದಂತಿರುವುದು ಅನ್ನನಿರೋಧವಲ್ಲದೆ ಮತ್ತೇನು?

ಭಾರದ ವಿಷಯದಲ್ಲಿ ದೇಶದ ಕಾನೂನು ಶಾಸ್ತ್ರಕ್ಕೆ ಅಂಕಿಗಳನ್ನು ಒದಗಿಸಿದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯಡಿ 1965ರಲ್ಲಿ ಮಾಡಿದ ನಿಯಮಗಳಂತೆ ಎಳೆಯುವ, ಹೊರುವ ಪಶುಗಳನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿರಾಮವಿಲ್ಲದೆ ಸತತ 5 ಗಂಟೆ ಮೀರುವಂತಿಲ್ಲ. ಉಷ್ಣತೆ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ತಟ್ಟುವಿಗೆ ಹೊರೆಯ ಮಿತಿ 70 ಕಿಲೋ. ಮುಳ್ಳಿನ ಕೋಲು, ಮುಳ್ಳಿನ ಕಡಿವಾಣ ನಿಷಿದ್ಧ. ಈ ಮಿತಿಗಳು ಶ್ರಾವಕನಿಗೆ ಗುರಿಯಲ್ಲ, ಕನಿಷ್ಠ. 65 ಕಿಲೋ ಹೊತ್ತ ತಟ್ಟು ಕುಂಟುತ್ತಿದ್ದರೆ ಕಾನೂನಿನ ಪುಸ್ತಕ ಸುಮ್ಮನಿರಬಹುದು, ವ್ರತ ಸುಮ್ಮನಿರುವುದಿಲ್ಲ.

ಬಂಧದ ಬಗೆಗೆ 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಬಹಳ ವ್ಯಾವಹಾರಿಕವಾದ ಮಾತು ಹೇಳಿದ್ದಾರೆ. ಪಶುಗಳಿಂದ ಜೀವನ ನಡೆಸುವುದನ್ನೇ ಬಿಡುವುದು ಉತ್ತಮ. ಬಿಡಲಾಗದವನು ಕಟ್ಟದೆ ಸಾಕಲಿ. ಅದೂ ಆಗದಿದ್ದರೆ ನಿರ್ದಯವಾಗಿ ಕಟ್ಟದಿರಲಿ ಎಂಬುದು ಅದರ ಆಶಯ. ಬೆಂಕಿ ಬಿದ್ದಾಗ ಪಶು ಬಿಡಿಸಿಕೊಳ್ಳಬಲ್ಲ ಹಾಗೆ ಗಂಟು ಸಡಿಲವಾಗಿರಬೇಕೆಂಬ ವಿವರಣೆ ವ್ಯಾಖ್ಯಾನ ಪರಂಪರೆಯಲ್ಲಿದೆ. ಕುದುರೆಗೆ ಬಂಧವೆಂದರೆ ಹಗ್ಗ ಮಾತ್ರವಲ್ಲ. ಗಂಜಲ ಸಗಣಿಗಳಲ್ಲಿ ದಿನವಿಡೀ ನಿಂತರೆ ಗೊರಸಿನ ಅಡಿಭಾಗ ಕೊಳೆತು ದುರ್ವಾಸನೆ ಬರುತ್ತದೆ. ಪ್ರತಿದಿನ ನಾಲ್ಕು ಕಾಲುಗಳನ್ನೂ ಎತ್ತಿ ಸಿಕ್ಕಿಕೊಂಡ ಕಲ್ಲು ಕೆಸರು ತೆಗೆಯಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಬೆಳೆದ ಗೊರಸನ್ನು ಕತ್ತರಿಸಿ, ಬೇಕಿದ್ದರೆ ಲಾಳ ಬದಲಿಸಬೇಕು. ಎತ್ತಿಗೆ ಲಾಳ ಕಟ್ಟುವವರು ಸಿಗುವ ಊರಿನಲ್ಲೂ ಕುದುರೆಗೆ ಕಟ್ಟಬಲ್ಲವರು ಸಿಗದಿರಬಹುದು. ಮೊಳೆ ಅರ್ಧ ಬೆರಳು ಒಳಗೆ ಸರಿದರೆ ಕುದುರೆ ಕುಂಟಾಗುತ್ತದೆ. ಮಣ್ಣಿನಲ್ಲಿರುವ ಧನುರ್ವಾಯುವಿನ ರೋಗಾಣುವಿಗೆ ಸಾಕುಪ್ರಾಣಿಗಳಲ್ಲೆಲ್ಲ ಅತಿ ಸುಲಭವಾಗಿ ಬಲಿಯಾಗುವುದು ಕುದುರೆಯೇ ಆದ್ದರಿಂದ, ಲಸಿಕೆ ಹಾಕಿಸದ ಕುದುರೆಯ ಕಾಲಿಗೆ ಒಂದು ಮೊಳೆ ಚುಚ್ಚಿದರೂ ಸಾಕು. ಛೇದದ ವಿಷಯ ಹೆಚ್ಚು ಹೇಳಬೇಕಾಗಿಲ್ಲ; ಮೂಗು ಸೀಳುವುದು, ಬರೆ ಹಾಕುವುದು ಚಿಕಿತ್ಸೆಯಲ್ಲವೆಂದು ಈಗ ಎಲ್ಲರಿಗೂ ತಿಳಿದಿದೆ.

‘ನಮ್ಮ ಮನೆಯಲ್ಲಿ ಕುದುರೆಯೇ ಇಲ್ಲ’ ಎನ್ನುವವರಿಗೆ ಕೃತ, ಕಾರಿತ, ಅನುಮೋದಿತ ಎಂಬ ತ್ರಿವಿಧ ವಿಭಾಗವನ್ನು ನೆನಪಿಸಬೇಕು. ಬಾಡಿಗೆ ಕೊಟ್ಟವನು ಕಾರಿತದಲ್ಲಿ ಭಾಗಿ. ಇನ್ನೂ ದೂರದ ಋಣವೊಂದಿದೆ. ಗಾವಡಗೆರೆಯ ಹೊಲದಲ್ಲಿ ಹಾವು ಕಚ್ಚಿದವನಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ನಾಗರ, ಕಟ್ಟಿಗೆ ಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಮತ್ತೆ ಮತ್ತೆ ಚುಚ್ಚಿ, ಅದರ ದೇಹ ಉತ್ಪಾದಿಸಿದ ರಕ್ಷಕಾಂಶವನ್ನು ರಕ್ತದಿಂದ ಬೇರ್ಪಡಿಸುತ್ತಾರೆ. ಅದನ್ನು ಬೇಡವೆಂದು ಸಾಯಿರಿ ಎಂದು ಯಾವ ಧರ್ಮವೂ ಹೇಳಲಾರದು. ಆದರೆ ಬದುಕಿ ಮನೆಗೆ ಬಂದವನು ‘ಕುದುರೆಗೂ ನನಗೂ ಏನು ಸಂಬಂಧ’ ಎಂದು ಕೇಳುವ ಅಧಿಕಾರವನ್ನು ಕಳೆದುಕೊಂಡಿರುತ್ತಾನೆ.

ಇಷ್ಟರವರೆಗೆ ದಾರಿ ನೇರವಾಗಿದೆ. ಜಂತುಹುಳುವಿನ ಔಷಧದ ಬಳಿ ಬಂದಾಗ ಜೈನ ಮನೆಯಲ್ಲಿ ನಿಜವಾದ ತೊಡಕು ಹುಟ್ಟುತ್ತದೆ. ಹುಳು ದ್ವೀಂದ್ರಿಯ ಜೀವ, ಉಣ್ಣೆ ತ್ರೀಂದ್ರಿಯ, ನೊಣ ಚತುರಿಂದ್ರಿಯ; ಕುದುರೆ ಮನಸ್ಸುಳ್ಳ ಪಂಚೇಂದ್ರಿಯ. ಒಂದು ಪಂಚೇಂದ್ರಿಯಕ್ಕಾಗಿ ಅಸಂಖ್ಯ ದ್ವೀಂದ್ರಿಯಗಳನ್ನು ಕೊಲ್ಲುವ ಔಷಧವನ್ನು ಕೈಯಾರೆ ಕುಡಿಸಬಹುದೇ? ಕುಡಿಸದಿದ್ದರೆ ಕುದುರೆ ರಕ್ತಹೀನವಾಗಿ, ಕರುಳು ಕಟ್ಟಿ ನರಳುತ್ತದೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ವರ್ಜ್ಯ, ಆರಂಭೀ ಹಿಂಸೆ ಅನಿವಾರ್ಯವಾದಷ್ಟು ಕ್ಷಮ್ಯ ಎಂದು ಹೇಳಿ ಈ ಮಾತನ್ನು ಮುಗಿಸಿಬಿಡುವವರುಂಟು. ಅದು ತಪ್ಪಲ್ಲ, ಆದರೆ ಅವಸರದ ಉತ್ತರ. ‘ಅನಿವಾರ್ಯವಾದಷ್ಟು’ ಎಂದರೆ ಎಷ್ಟು ಎಂಬುದೇ ಪ್ರಶ್ನೆ.

ಇಲ್ಲಿ ಇತ್ತೀಚಿನ ಪಶುವೈದ್ಯ ವಿಜ್ಞಾನ ಶ್ರಾವಕನಿಗೆ ಅನಿರೀಕ್ಷಿತವಾದ ನೆರವನ್ನು ನೀಡಿದೆ. ಎರಡು ತಿಂಗಳಿಗೊಮ್ಮೆ ಎಲ್ಲ ಕುದುರೆಗಳಿಗೂ ಔಷಧ ಕುಡಿಸುವ ಹಳೆಯ ಪದ್ಧತಿಯಿಂದ ಔಷಧಕ್ಕೆ ಬಗ್ಗದ ಹುಳುಗಳು ಹುಟ್ಟಿಕೊಂಡವು. ಆದ್ದರಿಂದ ಈಗ ಸಗಣಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಹುಳುವಿನ ಮೊಟ್ಟೆಗಳನ್ನು ಎಣಿಸಿ, ಅಗತ್ಯವಿದ್ದ ಕುದುರೆಗೆ ಮಾತ್ರ ಔಷಧ ಕೊಡುವಂತೆ ಹೇಳುತ್ತಾರೆ. ಒಂದು ಗುಂಪಿನಲ್ಲಿ ಕೆಲವೇ ಕುದುರೆಗಳು ಹೆಚ್ಚಿನ ಹುಳುಗಳನ್ನು ಹೊತ್ತಿರುತ್ತವೆ. ಇದಕ್ಕಿಂತ ಮುಖ್ಯವಾದದ್ದು, ಮೇಯುವ ಜಾಗದ ಸಗಣಿಯನ್ನು ವಾರಕ್ಕೆ ಎರಡು ಸಲವಾದರೂ ಎತ್ತಿಹಾಕಿದರೆ ಹುಳುವಿನ ಮರಿಗಳು ಹುಲ್ಲಿಗೇರಿ ಮತ್ತೆ ಕುದುರೆಯ ಹೊಟ್ಟೆ ಸೇರುವುದು ಬಹುಮಟ್ಟಿಗೆ ತಪ್ಪುತ್ತದೆ. ನೀರನ್ನು ಸೋಸುವುದು, ಧಾನ್ಯವನ್ನು ಆರಿಸುವುದು, ಎಂಜಲನ್ನು ಕೂಡಲೇ ತೊಳೆಯುವುದು ಇವೆಲ್ಲ ಜೀವೋತ್ಪತ್ತಿಯನ್ನೇ ತಡೆಯುವ ಆಚಾರಗಳು. ಹುಟ್ಟಿಸಿ ಕೊಲ್ಲುವುದಕ್ಕಿಂತ ಹುಟ್ಟಲು ಎಡೆಗೊಡದಿರುವುದು ಮೇಲೆಂಬ ತಿಳಿವಳಿಕೆ ಅಡುಗೆಮನೆಯಲ್ಲಿ ಹಳೆಯದು. ಅದನ್ನು ಲಾಯದವರೆಗೆ ಕೊಂಡೊಯ್ಯುವುದೊಂದೇ ಬಾಕಿ. ಸಗಣಿ ಎತ್ತುವ ಬುಟ್ಟಿಯೂ ಅಹಿಂಸೆಯ ಉಪಕರಣವೆಂದರೆ ನಗುವವರಿರಬಹುದು. ಪಿಂಛಿಯನ್ನು ಮೊದಲು ಕಂಡ ಪರಕೀಯರೂ ನಕ್ಕಿದ್ದಿರಬೇಕು.

ಅತಿ ಕಠಿನವಾದದ್ದು ಕೊನೆಯ ಪ್ರಶ್ನೆ. ಒಂದು ರಾತ್ರಿ ಕುದುರೆ ಮೇವು ಬಿಡುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ, ತಿರುಗಿ ತಿರುಗಿ ತನ್ನ ಹೊಟ್ಟೆಯ ಕಡೆ ನೋಡುತ್ತದೆ, ಮಲಗಿ ಹೊರಳುತ್ತದೆ. ಸ್ವಸ್ಥವಾಗಿದ್ದಾಗ ನಿಮಿಷಕ್ಕೆ 28ರಿಂದ 40ರಷ್ಟಿರುವ ನಾಡಿ 80ಕ್ಕೆ ಏರಿದೆ. ತಿಳಿಗೆಂಪಾಗಿರಬೇಕಾದ ಒಸಡು ಕಪ್ಪಿಟ್ಟಿದೆ. ವೈದ್ಯರು ಬಂದು ಕರುಳು ತಿರುಚಿಕೊಂಡಿದೆ, ಶಸ್ತ್ರಚಿಕಿತ್ಸೆಯೊಂದೇ ದಾರಿ, ಅದು ಇಲ್ಲಿ ಸಾಧ್ಯವಿಲ್ಲ ಎನ್ನುತ್ತಾರೆ. ಒಂದು ಚುಚ್ಚುಮದ್ದಿನಿಂದ ನೋವನ್ನೂ ಪ್ರಾಣವನ್ನೂ ಒಟ್ಟಿಗೆ ಮುಗಿಸಬಹುದು ಎಂದೂ ಹೇಳುತ್ತಾರೆ. ಬದುಕಿಸಿಡುವುದೇ ಕ್ರೌರ್ಯವಾದಾಗ ಪಶುವನ್ನು ನೋವಿಲ್ಲದೆ ಕೊನೆಗಾಣಿಸಲು 1960ರ ಕಾಯ್ದೆಯ 13ನೆಯ ಕಲಮು ಅವಕಾಶ ಕೊಡುತ್ತದೆ.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ರೋಗದಿಂದ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ವಿಷದ ಚುಚ್ಚುಮದ್ದು ಕೊಡಿಸಿದರು. ಜೈನರೂ ಸೇರಿದಂತೆ ಅನೇಕರು ಉಗ್ರವಾಗಿ ಪ್ರತಿಭಟಿಸಿದರು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ದೀರ್ಘವಾಗಿ ಸಮಾಧಾನ ಹೇಳಿದರು. ಸ್ವಾರ್ಥವಿಲ್ಲದೆ, ನರಳುವ ಜೀವಿಯ ಹಿತಕ್ಕಾಗಿಯೇ ಮಾಡಿದ್ದು ಹಿಂಸೆಯಾಗದು ಎಂಬುದು ಅವರ ನಿಲುವು. ಅದೇ ಕಾಲದ ಇನ್ನೊಂದು ಉದಾಹರಣೆಯೂ ನೆನೆಯತಕ್ಕದ್ದು. ಮೈಸೂರು ಲ್ಯಾನ್ಸರ್ಸ್ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಆ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟಿತು. 1930ರಲ್ಲಿ ಕೈರೋಗೆ ಬಂದ ಡೊರೊತಿ ಬ್ರೂಕ್ ಎಂಬ ಮಹಿಳೆ ಕಲ್ಲುಗಣಿಗಳಲ್ಲಿ, ಬಂಡಿಗಳಲ್ಲಿ ಎಲುಬಿನ ಗೂಡಾಗಿದ್ದ ಆ ಕುದುರೆಗಳನ್ನು ಕಂಡು, ಚಂದಾ ಎತ್ತಿ ಸುಮಾರು 5,000 ಕುದುರೆಗಳನ್ನು ಕೊಂಡುಕೊಂಡರು. ಅವುಗಳಲ್ಲಿ ಹೆಚ್ಚಿನವನ್ನು ಕೆಲವು ದಿನ ಮೆತ್ತನೆಯ ಹುಲ್ಲಿನ ಮೇಲೆ ನಿಲ್ಲಿಸಿ, ಹೊಟ್ಟೆತುಂಬ ತಿನ್ನಿಸಿ, ಬಳಿಕ ನೋವಿಲ್ಲದಂತೆ ಕೊಲ್ಲಿಸಿದರು. 1934ರಲ್ಲಿ ಅಲ್ಲಿ ಕುದುರೆಗಳ ಉಚಿತ ಆಸ್ಪತ್ರೆಯನ್ನೂ ಸ್ಥಾಪಿಸಿದರು.

ಜೈನ ಸಿದ್ಧಾಂತ ಇದನ್ನು ಒಪ್ಪುವುದಿಲ್ಲ. ಸಲ್ಲೇಖನವನ್ನು ಉದಾಹರಿಸುವುದು ಇಲ್ಲಿ ಸಲ್ಲದು. ಅದು ಅರಿತು, ತಾನೇ ಕೈಗೊಳ್ಳುವ ವ್ರತ, ಒಬ್ಬನಿಗಾಗಿ ಇನ್ನೊಬ್ಬನು ಕೈಗೊಳ್ಳಲಾರದದ್ದು. ನರಳುವ ಪ್ರಾಣಿಯೂ ಬದುಕನ್ನೇ ಬಯಸುತ್ತಿದೆಯೋ ಸಾವನ್ನೋ ಎಂಬುದನ್ನು ಹೊರಗಿನವರು ಬಲ್ಲವರಂತೆ ನಿರ್ಣಯಿಸುವಂತಿಲ್ಲ. ನೋಡಲಾರದವನ ಸಂಕಟವನ್ನೇ ಪಶುವಿನ ಹಿತವೆಂದು ಭ್ರಮಿಸುವ ಸಂಭವವೂ ಉಂಟು. ಈ ವಾದಗಳಲ್ಲಿ ಬಲವಿದೆ. ಆದರೆ ಇವನ್ನು ಆಡುವವನಿಗೆ ಒಂದು ಹೊರೆ ತಗಲುತ್ತದೆ. ಚುಚ್ಚುಮದ್ದು ಬೇಡವೆಂದವನು ಮನೆಗೆ ಹೋಗಿ ಮಲಗುವಂತಿಲ್ಲ. ನೋವುನಿವಾರಕವನ್ನು ಹೊತ್ತು ಹೊತ್ತಿಗೆ ಕೊಡಿಸಬೇಕು; ದಪ್ಪ ಹುಲ್ಲಿನ ಹಾಸಿಗೆ ಹಾಕಬೇಕು; ಕೆಲವು ಗಂಟೆಗಳಿಗೊಮ್ಮೆ ಆ ಭಾರಿ ದೇಹವನ್ನು ಮಗ್ಗುಲು ಬದಲಿಸಬೇಕು, ಏಕೆಂದರೆ ಬಿದ್ದ ಕುದುರೆಯ ತೂಕವೇ ಅದರ ಸ್ನಾಯುಗಳನ್ನೂ ಶ್ವಾಸಕೋಶವನ್ನೂ ಜಜ್ಜುತ್ತದೆ. ಜೀವಂಧರ ಕುಮಾರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಚ್ಚರಿಸಿದನೆಂಬ ಕಥೆಯನ್ನು ಎಲ್ಲರೂ ಬಲ್ಲರು. ಹಾಗೆ ಉಚ್ಚರಿಸಬೇಕಾದರೆ ಆತನು ಆ ನಾಯಿಯ ಬಳಿಯಲ್ಲಿ ಕುಳಿತಿರಬೇಕಾಯಿತು. ಬಳಿಯಲ್ಲಿ ಕೂರಲೊಲ್ಲದವನ ‘ಕೊಲ್ಲಬೇಡಿ’ ಎಂಬ ಮಾತಿನಲ್ಲಿ ಸಿದ್ಧಾಂತವಿದೆ, ಅಹಿಂಸೆಯಿಲ್ಲ. ಇಷ್ಟೆಲ್ಲ ಮಾಡಿಯೂ ನೋವು ತಗ್ಗದ ಸಂದರ್ಭಗಳುಂಟೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಅಂಥ ಹೊತ್ತಿನಲ್ಲಿ ವೈದ್ಯರ ಮಾತಿಗೆ ತಲೆಬಾಗಿದ ಬಡ ಜಟಕಾದವನನ್ನು ಕಟುಕನೆಂದು ಹಳಿಯುವ ಹಕ್ಕು ಯಾರಿಗೂ ಇಲ್ಲ.

ಗ್ಲ್ಯಾಂಡರ್ಸ್ ರೋಗದ ವಿಷಯ ಬೇರೆ. ಕುದುರೆಯಿಂದ ಮನುಷ್ಯನಿಗೂ ಅಂಟಿ ಕೊಲ್ಲಬಲ್ಲ ಈ ರೋಗಕ್ಕಾಗಿ ದೇಶದಲ್ಲಿ 1899ರಷ್ಟು ಹಿಂದೆಯೇ ಕಾನೂನು ಬಂದಿತ್ತು. ರಕ್ತಪರೀಕ್ಷೆಯಲ್ಲಿ ರೋಗ ದೃಢಪಟ್ಟ ಕುದುರೆಯನ್ನು ಉಳಿಸುವುದಿಲ್ಲ. ಆ ಭಯದಿಂದ ಮೂಗಿನ ಹುಣ್ಣು, ಜ್ವರಗಳನ್ನು ಮುಚ್ಚಿಟ್ಟವನು ಒಂದು ಕುದುರೆಗಾಗಿ ಇಡೀ ಲಾಯವನ್ನೂ ಅದರ ಮೈ ಉಜ್ಜುವ ಆಳನ್ನೂ ಬಲಿಗೊಡುತ್ತಾನೆ. ಅಹಿಂಸೆಯ ಹೆಸರಿನಲ್ಲಿ ಸತ್ಯಾಣುವ್ರತವೂ ಹೋಗುತ್ತದೆ.

ಈ ನಾಡಿನಲ್ಲಿ ಇಂಥ ಜ್ಞಾನ ಹೊರಗಿನಿಂದ ಬರಬೇಕಾಗಿಲ್ಲ. ಚಾಳುಕ್ಯ ವಂಶದ ಕೀರ್ತಿವರ್ಮ 12ನೆಯ ಶತಮಾನದ ಆರಂಭದ ಸುಮಾರಿಗೆ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದ, 1400ರ ಸುಮಾರಿಗೆ ಅಭಿನವಚಂದ್ರ ‘ಅಶ್ವವೈದ್ಯ’ವನ್ನು ರಚಿಸಿದ. ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯಕ್ಕೆ ಮೀಸಲಾದುದು. ಗ್ರಂಥಭಂಡಾರಗಳ ತಾಳೆಗರಿಗಳಿಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಪೂಜಿಸುವ ಶ್ರದ್ಧೆಯ ಸ್ವಲ್ಪ ಭಾಗವನ್ನು ಅವುಗಳೊಳಗಿನ ವಿಷಯದ ಕಡೆಗೂ ಹರಿಸಿದರೆ ಕೆಡುಕೇನಿಲ್ಲ.

ಬಸದಿಗಳ ಟ್ರಸ್ಟಿನವರಿಗೆ ಈ ವಿಚಾರದಿಂದ ಎರಡು ಇಕ್ಕಟ್ಟುಗಳು ಎದುರಾಗುತ್ತವೆ. ಮುದಿ ಕುದುರೆಯನ್ನು ಟ್ರಸ್ಟು ವಹಿಸಿಕೊಳ್ಳಲಿ ಎಂದು ಭಕ್ತರೊಬ್ಬರು ಕೇಳಿಕೊಂಡಾಗ ‘ಬೇಡ’ ಎನ್ನಲು ಸಂಕೋಚವಾಗುತ್ತದೆ. ಆದರೆ ಕುದುರೆ 25, 30 ವರ್ಷ ಬದುಕಬಲ್ಲ ಪ್ರಾಣಿ. ಹುಲ್ಲಿನ ಖರ್ಚಿಗೆ ದಾನಿಗಳು ಸಿಗುತ್ತಾರೆ, ಗೊರಸಿನ ಖರ್ಚಿಗೆ ಸಿಗುವುದಿಲ್ಲ. ಲಾಳ ಕಟ್ಟುವವನು, ಕುದುರೆಯನ್ನು ಬಲ್ಲ ವೈದ್ಯರು, ಓಡಾಡಲು ಬಯಲು, ಪ್ರತಿದಿನ ಕಾಲು ಎತ್ತಿ ನೋಡುವ ಒಬ್ಬ ಸಂಬಳದ ಆಳು ಇಲ್ಲದ ಕಡೆ ‘ಬೇಡ’ ಎನ್ನುವುದೇ ಹೆಚ್ಚು ಪ್ರಾಮಾಣಿಕ. ಆ ಹಣವನ್ನು ಹತ್ತಿರದ ಪಟ್ಟಣದ ಜಟಕಾ ಕುದುರೆಗಳ ಲಸಿಕೆಗೆ, ಲಾಳಕ್ಕೆ, ಹಲ್ಲು ಉಜ್ಜಿಸುವುದಕ್ಕೆ ವಿನಿಯೋಗಿಸಿದರೆ ಫಲಕದ ಮೇಲೆ ಹೆಸರು ಬರಲಾರದು. ಹತ್ತು ಕುದುರೆ ನೋವಿಲ್ಲದೆ ನಡೆದಾವು.

ಎರಡನೆಯದು ಮೆರವಣಿಗೆ. ಪಂಚಕಲ್ಯಾಣದ ದಿನ ಕುದುರೆ ಇರಲೇಬೇಕೆ ಎಂಬ ಚರ್ಚೆಯನ್ನು ಹಿರಿಯರು ಎಂದಾದರೂ ಮಾಡಬೇಕಾದದ್ದೇ. ಇರಲಿ ಎಂದು ತೀರ್ಮಾನವಾದಲ್ಲಿ, ಬಾಡಿಗೆಯ ಮುಂಗಡ ಕೊಡುವ ಮೊದಲೇ ಸಮಿತಿಯ ಒಬ್ಬರು ಹೋಗಿ ಅದನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದು ಕಷ್ಟವಲ್ಲ. ಮೆರವಣಿಗೆಯ ದಿನ ವಾದ್ಯದವರಿಂದ, ಪಟಾಕಿಯಿಂದ ದೂರ ನೆರಳಿನಲ್ಲಿ ನಿಲ್ಲಿಸಿ, ಮುಂದೆ ಒಂದು ತೊಟ್ಟಿ ನೀರಿಟ್ಟು, ಬಿಸಿಲೇರುವ ಮುನ್ನ ಬಿಟ್ಟುಕೊಡುವುದೂ ಕಷ್ಟವಲ್ಲ. ಅದಕ್ಕೂ ಮೊದಲು, ಹಾರ ಹಾಕುವವರು ಬರುವುದಕ್ಕಿಂತ ಮುಂಚೆ, ಯಾರಾದರೊಬ್ಬರು ಆ ಜರಿಯ ಹೊದಿಕೆಯ ಅಂಚನ್ನು ಎತ್ತಿ, ಜೀನಿನ ಪಟ್ಟಿ ಸಡಿಲಿಸಿ, ಕೆಳಗಿನ ಬೆನ್ನನ್ನು ಬರಿಗೈಯಿಂದ ಸವರಿ ನೋಡಬೇಕು. ಹುಣ್ಣಿದ್ದರೆ ಕುದುರೆ ಚರ್ಮವನ್ನು ಅದುರಿಸಿ ಪಕ್ಕಕ್ಕೆ ಸರಿಯುತ್ತದೆ. ಆಗ ಬಾಡಿಗೆಯ ಹಣವನ್ನು ಪೂರ್ತಿಯಾಗಿ ಕೊಟ್ಟು, ಅದನ್ನು ಮನೆಗೆ ಕಳುಹಿಸಿ, ಮೆರವಣಿಗೆಯನ್ನು ಕಾಲ್ನಡಿಗೆಯಲ್ಲಿ ಹೊರಡಿಸಬೇಕು.